ಮಗಳಿಗೊಂದು ಪತ್ರ: ಆಯಿಯ ಚಂಚಿ

ವಿಜಯಪುರ

ಪ್ರೀತಿಯ ಮಗಳಿಗೆ,

‘ಚಿರಂಜೀವಿ’ ಎಂದು ಬರೆಯಲು ಹೋಗಿ ಕೈ ತಡೆಯಿತು. ನಂಬದ ಮಾತಿನಿಂದ ಪತ್ರ ಆರಂಭಿಸುವುದು ಬೇಡವೆನಿಸಿತು. ನೀನು ನೂರು ವರ್ಷ ಬಾಳಬೇಕೆಂಬ ಆಸೆಗೆ ನನ್ನ ನಾಸ್ತಿಕತೆಯ ಅಡ್ಡಿಯೇನೂ ಇಲ್ಲ.

ಸತ್ತ ಮೇಲೆ ಏನೂ ಇಲ್ಲವೆನ್ನುವ ಅಪ್ಪ, ಆಯಿ ತೀರಿದ ಮೂರನೆಯ ದಿನ ಎಡೆಯ ಮುಂದೆ ಯಾರಿಗೆ ಕೈಮುಗಿದ ಎಂದು ಕೇಳಿದ್ದೀ. ಅಂದು ಕಾಗೆ ಬರಲಿಲ್ಲ. ಸಜ್ಜಿ ರೊಟ್ಟಿಯ ಅಂಚಿಗೆ ಕೆಂಪಿರುವೆಗಳ ಸಾಲು ಹತ್ತಿತ್ತು. ಅವ್ವನಿಗೆ ಯಾವುದೋ ಆಸೆ ಉಳಿದಿದೆ ಎಂದು ನಿನ್ನ ಅತ್ತೆ ಅಳತೊಡಗಿದಳು. ನಾನು ಕೈಮುಗಿದದ್ದು ನಿನ್ನ ಅತ್ತೆಗಾಗಿ.

ಲಕ್ವಾ ಹೊಡೆದ ಮೇಲೆ ಆಯಿಯ ಮಾತು ಹೋಗಿ, ಕೆಲವು ತಿಂಗಳಲ್ಲಿ ಅಷ್ಟಿಷ್ಟು ಮರಳಿದ್ದು ನಿನಗೆ ನೆನಪಿರಬೇಕು. ಮರಳಿದ ಮಾತಿನಲ್ಲಿ ನನ್ನ ಹೆಸರಿರಲಿಲ್ಲ. ನನ್ನನ್ನು ತನ್ನ ತಮ್ಮನೆಂದು ತಿಳಿದು ತವರಿನ ಹೊಲದ ಪಾಲಿನ ಲೆಕ್ಕ ಕೇಳುತ್ತಿದ್ದಳು. ಮಿದುಳಿನ ಒಂದು ತುಣುಕಿಗೆ ರಕ್ತ ನಿಂತದ್ದಕ್ಕೇ ಹೆತ್ತ ಮಗನ ಹೆಸರು ಅಳಿದುಹೋಗುವುದಾದರೆ, ಇಡೀ ಮಿದುಳು ಮಣ್ಣಾದ ಮೇಲೂ ನನ್ನನ್ನು ಗುರುತಿಸುವ ಆಯಿ ಎಲ್ಲೋ ಇದ್ದಾಳೆಂದು ನಾನು ಹೇಗೆ ಒಪ್ಪಲಿ? ವೀಣೆ ಕೆಟ್ಟರೇನು, ನುಡಿಸುವವನು ಬೇರೆ ಇದ್ದಾನೆ ಎನ್ನುವವರುಂಟು. ವೀಣೆಯಿಲ್ಲದೆ ಆ ವೈಣಿಕನನ್ನು ಕಂಡವರನ್ನು ಮಾತ್ರ ನಾನು ಕಂಡಿಲ್ಲ.

ಇದು ಪಶ್ಚಿಮದಿಂದ ಬಂದ ವಿಚಾರವೆಂದು ಬೀಗರೊಬ್ಬರು ಮೂದಲಿಸಿದರು. ಆದರೆ ಪರಲೋಕವನ್ನು ಒಪ್ಪದ ಲೋಕಾಯತರು, ಅಂದರೆ ಚಾರ್ವಾಕರು, ನಮ್ಮ ನೆಲದ ಹಳೆಯ ದಾರ್ಶನಿಕರೇ. ಅವರ ಗ್ರಂಥಗಳು ಬಹುಪಾಲು ಉಳಿದಿಲ್ಲ. ಅವರನ್ನು ಖಂಡಿಸಿದವರು ಎತ್ತಿಕೊಂಡ ಮಾತುಗಳಿಂದಲೇ ಅವರನ್ನು ತಿಳಿಯಬೇಕಾಗಿದೆ. ಹಾಗೆ ಉಳಿದ ಹೋಲಿಕೆಯೊಂದನ್ನು ಓದಿದಾಗ ನಾನು ಆಯಿಯ ಎಲೆ-ಅಡಿಕೆಯ ಚಂಚಿಯನ್ನೇ ಕಂಡೆ. ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು; ಯಾವುದರಲ್ಲೂ ಇಲ್ಲದ ಕೆಂಪು, ಮೂರೂ ಕೂಡಿ ಅಗಿದಾಗ ಬಾಯಲ್ಲಿ ಹುಟ್ಟುತ್ತದೆ. ನೆಲ, ನೀರು, ಬೆಂಕಿ, ಗಾಳಿ ಕೂಡಿದಾಗ ಅರಿವು ಹುಟ್ಟುವುದೂ ಹಾಗೆಯೇ, ಕೂಟ ಚದುರಿದ ಮೇಲೆ ಅರಿವು ಎಲ್ಲಿಗೂ ಹೋಗುವುದಿಲ್ಲ ಎಂದು ಅವರು ವಾದಿಸಿದರು. ನಾಲ್ಕು ಭೂತಗಳ ಲೆಕ್ಕ ಇಂದಿನ ವಿಜ್ಞಾನಕ್ಕೆ ಹೊಂದದು. ಬಿಡಿಯಲ್ಲಿಲ್ಲದ ಗುಣ ಕೂಟದಲ್ಲಿ ಹುಟ್ಟುತ್ತದೆಂಬ ಮಾತು ಇಂದಿಗೂ ಹಳಸಿಲ್ಲ.

ಇಲ್ಲವಾಗುವುದು ಭಯವಲ್ಲವೇ ಎಂದೂ ಕೇಳಿದ್ದೀ. ಮುಹಮ್ಮದ್ ಆದಿಲ್ ಷಾ 1656ರಲ್ಲಿ ತೀರಿಕೊಂಡು ಗೋಲಗುಮ್ಮಟದಡಿ ಮಲಗಿದಾಗ ನಾನೂ ಇರಲಿಲ್ಲ, ನೀನೂ ಇರಲಿಲ್ಲ. ಆ ಇಲ್ಲದಿರುವಿಕೆ ನಮ್ಮನ್ನು ನೋಯಿಸಲಿಲ್ಲ. ಮುಂದಿನದೂ ಅಷ್ಟೇ ಎಂದು ರೋಮಿನ ಕವಿ ಲುಕ್ರೀಷಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದಾನೆ. ಈ ತರ್ಕ ನನ್ನ ಸಾವಿನ ಭಯವನ್ನು ಬಹಳಷ್ಟು ಕಳೆದಿದೆ. ಆಯಿಯ ಹಾಸಿಗೆ ಖಾಲಿಯಿರುವುದರ ಮುಂದೆ ಅದು ಏನೂ ಕೆಲಸ ಮಾಡದು. ಮೊನ್ನೆ ಚಂಚಿ ತೆರೆದೆ, ಸುಣ್ಣದ ಡಬ್ಬಿಯಲ್ಲಿ ಅವಳ ಬೆರಳು ಗೀರಿದ ಗುರುತು ಹಾಗೆಯೇ ಒಣಗಿ ನಿಂತಿತ್ತು. ಮುಚ್ಚಿಟ್ಟೆ.

ನನ್ನ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡಲು ಪತ್ರ ಬರೆದು ಕಪಾಟಿನಲ್ಲಿಟ್ಟಿದ್ದೇನೆ. ಅತ್ತೆ ನನಗೂ ಎಡೆ ಇಡುತ್ತೇನೆಂದರೆ ತಡೆಯಬೇಡ. ಎಲೆ-ಅಡಿಕೆ ಮಾತ್ರ ಬೇಡವೆಂದು ಹೇಳು. ನಾನು ಅದನ್ನು ಎಂದೂ ಹಾಕಿಕೊಂಡವನಲ್ಲ.

ನಿನ್ನ ಅಪ್ಪ