ಕನ್ನಡದಲ್ಲಿ ಒಂದು ಗಂಟೆ ಬೇಕು

ಮಾನ್ಯ ಸಂಪಾದಕರೇ,

ಇಪ್ಪತ್ತೆರಡು ವರ್ಷ ಮುಂಬಯಿಯ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು ನಾನು. ರಾತ್ರಿ ಲೆಕ್ಕ ಮುಗಿದ ಮೇಲೆ ಒಂದು ಕ್ವಾರ್ಟರ್ ಎಂದು ಶುರುವಾದದ್ದು, ಬೆಳಿಗ್ಗೆ ನೋಟು ಎಣಿಸಲು ಕೈ ನಿಲ್ಲದ ಸ್ಥಿತಿಗೆ ತಂದಿತು. ವೈದ್ಯರ ನಿಗಾದಲ್ಲಿ ಕುಡಿತ ಬಿಟ್ಟೆ. ಆ ನಡುಕವಿರುವವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಿದರೆ ಸೆಳವು ಬಂದು ಜೀವಕ್ಕೇ ಅಪಾಯವಾದೀತು. ಆಮೇಲೆ, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ ಹುಡುಕಿದೆ.

ಸಿಕ್ಕಿದ್ದು ಶಾಲೆಯೊಂದರ ತರಗತಿಯಲ್ಲಿ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕುಳಿತ ಹದಿನೈದು ಗಂಡಸರು, ಸ್ಟೀಲ್ ಲೋಟದ ಚಹಾ. ಶುಲ್ಕವಿಲ್ಲ, ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು. 1935ರಲ್ಲಿ ಅಮೆರಿಕದ ಇಬ್ಬರು ಕುಡುಕರು, ಅವರಲ್ಲೊಬ್ಬ ಶಸ್ತ್ರಚಿಕಿತ್ಸಕ, ಪರಸ್ಪರ ಮಾತಾಡಿಕೊಂಡು ಆರಂಭಿಸಿದ ಕ್ರಮವಿದು. ಆದರೆ ಇಲ್ಲಿ ಮಾತು ಹಿಂದಿ, ಮರಾಠಿಯಲ್ಲಿ. ಹಿಂದಿಯಲ್ಲಿ ಗಿರಾಕಿಯೊಡನೆ ಜಗಳವಾಡಬಲ್ಲೆ. ಅಮ್ಮನ ಬಳೆ ಅಡವಿಟ್ಟದ್ದನ್ನು ಹೇಳಲು ಬಾಯಿ ಬರಲಿಲ್ಲ.

ಕನ್ನಡದಲ್ಲೇ ಇಂಥ ಸಭೆ ನಡೆಸಲೆಂದು ಉಪನಗರದ ಕನ್ನಡ ಸಂಘವೊಂದರಲ್ಲಿ ವಾರಕ್ಕೊಂದು ಗಂಟೆ ಕೋಣೆ ಕೇಳಿದೆವು. "ಕುಡುಕರ ಸಭೆಯೇ? ಇದು ಹೆಂಗಸರು, ಮಕ್ಕಳು ಬರುವ ಜಾಗ" ಎಂದರು. ಯಕ್ಷಗಾನದ ರಾತ್ರಿ ಅವರ ಹಿಂಬಾಗಿಲಲ್ಲಿ ಬಿದ್ದಿದ್ದ ಬಾಟಲಿಗಳನ್ನು ಆಯ್ದವನು ನಾನೇ, ಇರಲಿ. ಪುಕ್ಕಟೆ ಬೇಡ, ಬಾಡಿಗೆ ಕೊಡುತ್ತೇವೆ. ಹೊರಗಿನವರ ದೇಣಿಗೆ ಪಡೆಯಬಾರದೆಂಬುದು ನಮ್ಮ ಕಟ್ಟಳೆಯೇ. ಸಂಜೆ ಹೋಟೆಲಿನವರಿಗೆ ಬಿಡುವಿಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕು, ಯಾವ ದಿನವಾದರೂ ಆದೀತು. ಓದುಗರಲ್ಲಿ ಯಾರ ಬಳಿಯಾದರೂ ಅಂಥ ಕೋಣೆಯ ಬೀಗದ ಕೈ ಇದೆಯೇ?

ಪತ್ರಿಕೆಯಲ್ಲಿ ನಮ್ಮ ಹೆಸರು ಬರಬಾರದೆಂಬ ನಿಯಮವುಂಟು. ವಿಳಾಸವನ್ನು ತಮ್ಮ ಕಚೇರಿಗೆ ಬೇರೆಯಾಗಿ ಬರೆದಿದ್ದೇನೆ.

– ಒಬ್ಬ ಸದಸ್ಯ, ಡೊಂಬಿವಲಿ