ಸೂಜಿ ಹಿಡಿದ ಕೈಗಳಿಗೆ ನನ್ನ ನಮಸ್ಕಾರ

ನಾನು ಹಾಸನದಲ್ಲಿ ಇಪ್ಪತ್ತೆರಡು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಕಳೆದ ವರ್ಷ ಗೌರಿ ಹಬ್ಬಕ್ಕೆ ಮೂರು ವಾರ ಇರುವಾಗ ಬೆಂಗಳೂರಿನಲ್ಲಿ ನನ್ನ ಹೃದಯಕ್ಕೆ ಅಬ್ಲೇಶನ್ ಆಯಿತು, ಅಂದರೆ ತಾಳ ತಪ್ಪಿದ ಬಡಿತ ಸರಿಮಾಡಲು ಒಳಗೆ ಸಣ್ಣದಾಗಿ ಸುಡುವ ಚಿಕಿತ್ಸೆ. ಮೊನ್ನೆ ಎದೆಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿ 24 ಗಂಟೆ ನೋಡಿದರು. ಬಡಿತ ಸರಿಯಾಗಿದೆ ಅಂದರು.

ಮೊದಲ ನಮಸ್ಕಾರ ನನ್ನ ನಾದಿನಿಗೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ತೋರಿಸಿದ ಕಡೆ ಗ್ಯಾಸ್ ಅಂದರು. ಎಂಟು ತಿಂಗಳು ಗ್ಯಾಸ್ ಮಾತ್ರೆ ನುಂಗಿದೆ. ಒಂದು ರಾತ್ರಿ ಅವಳು ನಾಡಿ ಹಿಡಿದು ನೋಡಿ, "ಅತ್ತಿಗೆ, ಇದು ಗ್ಯಾಸ್ ಅಲ್ಲ, ಏಳಿ, ಇಸಿಜಿ ತೆಗೆಸೋಣ" ಅಂದಳು. ಅದು ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳು ರಕ್ತವನ್ನು ಒತ್ತಿ ಕಳಿಸದೆ ಸುಮ್ನೆ ಅದುರುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ. ಅವತ್ತು ಅವಳು ಏಳಿಸದಿದ್ದರೆ ಏನಾಗುತ್ತಿತ್ತೋ.

ಡಾಕ್ಟರ್ ಮೇಡಂ, ನೀವು ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದ್ದು ಇನ್ನೂ ನೆನಪಿದೆ. ಶ್ವಾಸಕೋಶದಿಂದ ಎಡಗಡೆಯ ಮೇಲಿನ ಕೋಣೆಗೆ ಸಾಮಾನ್ಯವಾಗಿ ನಾಲ್ಕು ರಕ್ತನಾಳ ಬರುತ್ತವೆ. ತೊಂದರೆ ಕೊಡುವ ಮಿಡಿತ ಜಾಸ್ತಿ ಹುಟ್ಟುವುದು ಅಲ್ಲೇ. ಫ್ರಾನ್ಸಿನ ಬೋರ್ಡೋದಲ್ಲಿ ಡಾಕ್ಟರ್ ಮಿಶೆಲ್ ಐಸಗೇರ್ ಮತ್ತು ಅವರ ಜೊತೆಯವರು 1998ರಲ್ಲಿ ಇದನ್ನು ತೋರಿಸಿಕೊಟ್ಟರಂತೆ. ನಾನು ಎಂದೂ ನೋಡದ ಅವರಿಗೂ ನನ್ನ ಕೃತಜ್ಞತೆ.

ನಾಳದ ಬಾಯಿಗಳ ಸುತ್ತ ಸುಟ್ಟು ಬೇಲಿ ಹಾಕಬೇಕು. ಅದಕ್ಕೆ ಬಲಗಡೆಯ ಮೇಲಿನ ಕೋಣೆಯಿಂದ ಎಡಗಡೆಯದಕ್ಕೆ, ನಡುವಿನ ತೆಳು ಗೋಡೆಗೆ ಸೂಜಿ ಚುಚ್ಚಿ ದಾಟಬೇಕು. ಅದನ್ನು ಕೇಳಿಯೇ ನಾನು ಬೆವರಿಬಿಟ್ಟಿದ್ದೆ. ಆಗ ನೀವು ಇನ್ನೊಂದು ಕ್ಯಾಥೆಟರ್, ಅಂದರೆ ರಕ್ತನಾಳದೊಳಗೆ ಹೋಗುವ ತೆಳು ಕೊಳವೆ, ತೋರಿಸಿದಿರಿ. ಸುಮಾರು 3 ಮಿಲಿಮೀಟರ್ ದಪ್ಪ, ತುದಿಯಲ್ಲಿ ಅಲ್ಟ್ರಾಸೌಂಡ್. ತೊಡೆಸಂದಿನ ನಾಳದಿಂದ ಹೋಗಿ ಹೃದಯದೊಳಗೇ ಕೂತು ಚಿತ್ರ ಕಳಿಸುತ್ತದೆ. ಎಕ್ಸ್‌ರೇಯಲ್ಲಿ ಕಾಣದ ಆ ಗೋಡೆ ಇದರಲ್ಲಿ ಕಾಣುತ್ತದೆ. ಹೃದಯದ ಸುತ್ತ ರಕ್ತ ಸೋರಿದರೂ ಕೂಡಲೇ ಗೊತ್ತಾಗುತ್ತದೆ. ಹೃದಯ ನೋಡಲು ಗಂಟಲಿಗೆ ಪೈಪ್ ಇಳಿಸುವ ಪರೀಕ್ಷೆಯೂ ನನಗೆ ಬೇಕಾಗಲಿಲ್ಲ. ಒಮ್ಮೆ ಅದರಲ್ಲಿ ಉಸಿರುಗಟ್ಟಿದ ಹಾಗಾಗಿ ಅತ್ತಿದ್ದೆ.

ಅವತ್ತು ಅರೆ ಮಂಪರು. ಟೆಕ್ನಿಷಿಯನ್ ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಸೂಜಿಯ ತುದಿ ತಾಗಿ ಆ ಗೋಡೆ ಗುಡಾರದ ಹಾಗೆ ಉಬ್ಬಿ ನಿಂತಿತು. ಬಿಗಿಯಾಗಿ ಹಿಡಿದ ರೇಷ್ಮೆಗೆ ಸೂಜಿ ಒತ್ತಿದಾಗ, ತೂತು ಬೀಳುವ ಮುಂಚೆ, ಬಟ್ಟೆ ಹೀಗೇ ಎದ್ದು ನಿಲ್ಲುತ್ತದೆ. ಆ ಕ್ಷಣ ನನಗೆ ಚೆನ್ನಾಗಿ ಗೊತ್ತು. ಜಾಗ ಸರಿ ಇದೆಯಾ ಅಂತ ನಾನೂ ಅಲ್ಲಿ ಒಮ್ಮೆ ನಿಲ್ಲುತ್ತೇನೆ. ಮೇಡಂ ನಿಂತರು, ನೋಡಿದರು, ತುಸು ಹಿಂದೆ ಸರಿಸಿ ಮತ್ತೆ ಒತ್ತಿದರು. ನನ್ನ ಹೆದರಿಕೆ ಅಲ್ಲಿಗೆ ಹೋಯಿತು. ಇವರೂ ಕೆಲಸ ಬಲ್ಲವರು ಅನ್ನಿಸಿತು.

ರಾತ್ರಿಯೆಲ್ಲ ತೊಡೆಸಂದು ಒತ್ತಿ ಹಿಡಿದು, ಕಾಲು ಮಡಿಸಬೇಡಿ ಅಮ್ಮ ಅಂತ ಹೇಳುತ್ತಲೇ ಇದ್ದ ನರ್ಸ್ ತಾಯಿ, ನಿಮಗೂ. ಮೂರನೇ ವಾರ ಮತ್ತೆ ಎದೆ ಹೊಡೆದುಕೊಂಡಾಗ, ಮೊದಲ ಮೂರು ತಿಂಗಳು ಹೀಗಾಗಬಹುದು ಅಂತ ಫೋನಿನಲ್ಲಿ ಧೈರ್ಯ ಹೇಳಿದವರೂ ನೀವೇ ಅಲ್ವಾ?

ನನ್ನ ಗಿರಾಕಿಗಳೇ, ಹಬ್ಬಕ್ಕೆ ಕೊಟ್ಟ ಬಟ್ಟೆ ಹಾಗೇ ಉಳಿಯಿತು. ಒಬ್ಬರೂ ವಾಪಸ್ ಕೇಳಲಿಲ್ಲ. "ಗೌರಿ ಮುಂದಿನ ವರ್ಷವೂ ಬರ್ತಾಳೆ, ನೀವು ಮೊದಲು ಹುಷಾರಾಗಿ" ಅಂದಿದ್ದರಲ್ಲ, ಹಸಿರು ಸೀರೆಯ ಅಕ್ಕ, ಈ ಸಲ ಮೊದಲು ಕತ್ತರಿಸಿದ್ದು ನಿಮ್ಮ ಬ್ಲೌಸನ್ನೇ. ಶನಿವಾರ ಬನ್ನಿ, ಹುಕ್ ಹಾಕಿ ಇಟ್ಟಿರುತ್ತೇನೆ.