ಸೊಟ್ಟ ಫೋಟೋ ನೇರ ಮಾಡಬಹುದು, ಅಳತೆ ಯಾರು ಕೊಡಬೇಕು?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಚಿತ್ರದುರ್ಗ ಕಡೆಯ ಒಂದು ವೀರಗಲ್ಲಿನ ಫೋಟೋ ಬಂದಿತ್ತು. ಯಾರೋ ಹೊಲದ ಬದುವಿನಲ್ಲಿ ಕೂತು ಕೆಳಗಿನಿಂದ ಮೇಲಕ್ಕೆ ತೆಗೆದದ್ದಿರಬೇಕು. ಕಲ್ಲು ಬುಡದಲ್ಲಿ ಅಗಲ, ತಲೆ ಕಡೆ ಸಣ್ಣ, ಈಗಲೋ ಆಗಲೋ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತಿತ್ತು. ಅಕ್ಷರ ಸ್ಪಷ್ಟವಿಲ್ಲ ಅಂತ ಕೆಳಗೆ ಬರೆದಿದ್ದಿರಿ. ಅಕ್ಷರ ಇತ್ತು ಸ್ವಾಮಿ, ಫೋಟೋ ಸೊಟ್ಟ ಇತ್ತು ಅಷ್ಟೇ.

ನಾನು ದಾವಣಗೆರೆಯಲ್ಲಿ ಪಿ.ಬಿ. ರಸ್ತೆ ಹತ್ತಿರ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವನು. ಇಂಥ ಸೊಟ್ಟ ಫೋಟೋಗಳೇ ನನ್ನ ಹೊಟ್ಟೆಪಾಡು. ಹಳೇ ಪಹಣಿ, ಕ್ರಯಪತ್ರ, ಟಿ.ಸಿ., ಎಲ್ಲವನ್ನೂ ಜನ ಮೊಬೈಲಲ್ಲಿ ಓರೆಯಾಗಿ ತೆಗೆದುಕೊಂಡು ಬಂದು "ಸ್ಕ್ಯಾನ್ ಮಾಡಿದೀವಿ, ಪ್ರಿಂಟ್ ಕೊಡಿ" ಅನ್ನುತ್ತಾರೆ.

ಇದನ್ನು ನೇರ ಮಾಡಲು ದುಡ್ಡು ಕೊಟ್ಟು ಸಾಫ್ಟ್‌ವೇರ್ ತರಬೇಕಾಗಿಲ್ಲ. ಇಮೇಜ್‌ಮ್ಯಾಜಿಕ್ ಅಂತ ಒಂದಿದೆ, ಪೂರ್ತಿ ಉಚಿತ. ಜಾನ್ ಕ್ರಿಸ್ಟಿ ಅನ್ನುವವರು 1987ರಲ್ಲಿ ಡ್ಯೂಪಾಂಟ್ ಕಂಪನಿಯಲ್ಲಿದ್ದಾಗ ಬರೆಯಲು ಶುರು ಮಾಡಿ 1990ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಇದರಲ್ಲಿ ಮೌಸ್ ಹಿಡಿದು ಎಳೆಯುವ ಕೆಲಸ ಇಲ್ಲ. ಕಪ್ಪು ಕಿಟಕಿ ತೆರೆದು ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಬೇಕು, ಅದಕ್ಕೇ ನೋಡಿದವರು ಹೆದರುತ್ತಾರೆ. ಆದರೆ ಕ್ಯಾಮೆರಾ ಅಲುಗಾಡದಂತೆ ಇಟ್ಟು ಒಂದೇ ಓರೆಯಲ್ಲಿ ತೆಗೆದ ಐವತ್ತು ಪುಟ ಬಂದರೆ, ಮೌಸ್ ಹಿಡಿದು ಒಂದೊಂದೇ ಮೂಲೆ ಎಳೆಯುತ್ತಾ ಕೂತವನಿಗೆ ಸಂಜೆ ಆಗುತ್ತದೆ, ನಾನು ಹೋಗಿ ಟೀ ಕುಡಿದು ಬರುವಷ್ಟರಲ್ಲಿ ನನ್ನದು ಮುಗಿದಿರುತ್ತದೆ. ಜನರ ಕಾಗದಪತ್ರ ನನ್ನ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಅನ್ನುವುದು ಇನ್ನೊಂದು ಸಮಾಧಾನ.

ಮಾಡುವುದು ಹೀಗೆ. ಫೋಟೋವನ್ನು ಪೇಂಟ್‌ನಲ್ಲಿ ತೆರೆದು ಕಾಗದದ ನಾಲ್ಕು ಮೂಲೆಗೂ ಮೌಸ್ ತೋರಿಸಿದರೆ ಕೆಳಗೆ ಎರಡೆರಡು ಸಂಖ್ಯೆ ಕಾಣುತ್ತವೆ, ಎಡದಿಂದ ಎಷ್ಟು, ಮೇಲಿಂದ ಎಷ್ಟು ಅಂತ. ಬರೆದುಕೊಳ್ಳಿ. ಆಮೇಲೆ ಮ್ಯಾಜಿಕ್ (magick) ಅಂತ ಟೈಪ್ ಮಾಡಿ, ಫೈಲಿನ ಹೆಸರು ಕೊಟ್ಟು, ಮೈನಸ್ ಡಿಸ್ಟಾರ್ಟ್ ಪರ್ಸ್‌ಪೆಕ್ಟಿವ್ ಅಂದು, ಪ್ರತಿ ಮೂಲೆಗೂ ಮೊದಲು ಈಗ ಎಲ್ಲಿದೆ, ಪಕ್ಕದಲ್ಲೇ ಎಲ್ಲಿಗೆ ಹೋಗಬೇಕು ಅಂತ ಕೊಡಬೇಕು, ಕೊನೆಗೆ ಹೊಸ ಫೈಲಿನ ಹೆಸರು. ಎಲ್ಲಾ ಇಂಗ್ಲಿಷ್ ಅಕ್ಷರದಲ್ಲೇ. ಎಡ ಮೇಲಿನ ಮೂಲೆ 412,380ರಲ್ಲಿದ್ದರೆ ಅದನ್ನು 0,0ಕ್ಕೆ ಕಳಿಸುವುದು, ಬಲ ಮೇಲಿನದನ್ನು 1240,0ಕ್ಕೆ, ಹೀಗೆ ನಾಲ್ಕೂ. ಒಂದು ಇಂಚಿಗೆ 150 ಚುಕ್ಕಿ ಲೆಕ್ಕದಲ್ಲಿ ಎ4 ಹಾಳೆ ಅಂದರೆ 1240ಕ್ಕೆ 1754. ನಾಲ್ಕು ಮೂಲೆ ಬೇಕೇ ಬೇಕು. ಮೂರೇ ಕೊಟ್ಟರೂ ಅದು ಸುಮ್ನೆ ಕೆಲಸ ಮಾಡುತ್ತದೆ, ಆದರೆ ಆಗ ಚಿತ್ರವನ್ನು ಓರೆ ಮಾಡುತ್ತದೆ, ಹಿಗ್ಗಿಸುತ್ತದೆ, ದೂರದ ಕಡೆ ಸಣ್ಣ ಆದದ್ದನ್ನು ಮಾತ್ರ ಸರಿ ಮಾಡುವುದಿಲ್ಲ. ಮೊಬೈಲ್ ಫೋಟೋ ಆದರೆ ಮೊದಲು ಆಟೋ ಓರಿಯೆಂಟ್ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಕಣ್ಣಿಗೆ ನೆಟ್ಟಗೆ ಕಂಡರೂ ಫೈಲಿನ ಒಳಗೆ ಚಿತ್ರ ಅಡ್ಡ ಮಲಗಿರುತ್ತದೆ, ನೀವು ಕೊಟ್ಟ ಮೂಲೆ ಎಲ್ಲೆಲ್ಲೋ ಬೀಳುತ್ತದೆ. ನನಗೆ ಇದು ಗೊತ್ತಾಗಲು ಎರಡು ದಿನ ಹಿಡಿಯಿತು.

ಇಲ್ಲಿವರೆಗೆ ಸುಲಭ. ಪೆಟ್ಟು ತಿಂದದ್ದು ಹೇಳುತ್ತೇನೆ.

ಹರಿಹರ ಕಡೆಯ ಅಣ್ಣ ತಮ್ಮ ಇಬ್ಬರು ಬಂದಿದ್ದರು, ಅಪ್ಪನ ಕಾಲದ ಸೈಟಿನ ನಕ್ಷೆ. ಗೋಡೆಯ ಮೇಲೆ ಗಾಜು ಹಾಕಿ ತೂಗುಹಾಕಿದ್ದನ್ನು ಕೆಳಗಿನಿಂದ ಮೊಬೈಲಲ್ಲಿ ಹೊಡೆದಿದ್ದರು. ನಾನು ಯೋಚನೆ ಮಾಡದೆ ದಿನದ ರೂಢಿಯಂತೆ ಎ4 ಲೆಕ್ಕದ 1240, 1754 ಹಾಕಿ ನೇರ ಮಾಡಿದೆ. ಎಷ್ಟು ಚಂದ ಬಂತು ಅಂದರೆ ನನಗೇ ಖುಷಿ ಆಯಿತು. ಸಂಜೆ ತಮ್ಮ ಒಬ್ಬನೇ ವಾಪಸ್ ಬಂದ, ಕೈಯಲ್ಲಿ ಸ್ಕೇಲು. "ಏನ್ರೀ ಇದು, 30ಕ್ಕೆ 40ರ ಸೈಟು, ನಿಮ್ಮ ಪ್ರಿಂಟಲ್ಲಿ 30ಕ್ಕೆ 34 ಬರ್ತಿದೆ, ಆರು ಅಡಿ ಎಲ್ಲಿ ನುಂಗಿದ್ರಿ? ನಮ್ಮಣ್ಣ ಏನಾದ್ರೂ ಹೇಳಿದ್ನಾ?" ನನಗೆ ಬೆವರು ಬಂತು. ನೋಡಿದರೆ ಆ ಹಾಳೆ ಎ4 ಅಲ್ಲವೇ ಅಲ್ಲ, ಲೀಗಲ್ ಸೈಜು, 8.5 ಇಂಚಿಗೆ 14. ಅದಕ್ಕೆ ಕೊಡಬೇಕಿದ್ದ ಸಂಖ್ಯೆ 1275ಕ್ಕೆ 2100. ಉದ್ದದ ಹಾಳೆಯನ್ನು ನಾನು ಗಿಡ್ಡ ಮಾಡಿಬಿಟ್ಟಿದ್ದೆ. ಅದರ ಜೊತೆ ಸೈಟೂ ಗಿಡ್ಡ ಆಯಿತು. ಅಣ್ಣನನ್ನೂ ಕರೆಸಿ, ಇಬ್ಬರ ಎದುರೇ ಫ್ರೇಮ್ ಬಿಚ್ಚಿಸಿ ಹಾಳೆ ಅಳೆದು ಮತ್ತೆ ಮಾಡಿಕೊಟ್ಟ ಮೇಲೆ ತಣ್ಣಗಾದರು. ದುಡ್ಡು ಕೇಳಲು ನನಗೆ ಬಾಯಿ ಬರಲಿಲ್ಲ.

ಕಂಪ್ಯೂಟರ್ ತಪ್ಪು ಮಾಡಿರಲಿಲ್ಲ ನೋಡಿ. ಮೂಲೆ ಎಲ್ಲಿಗೆ ಹೋಗಬೇಕು ಅಂತ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ನಿಜವಾದ ಹಾಳೆ ಎಷ್ಟು ಉದ್ದ ಅನ್ನುವುದು ಅದಕ್ಕೆ ಗೊತ್ತಿಲ್ಲ, ನಾವು ಹೇಳಬೇಕು. ಇನ್ನೊಂದು, ಸಮತಟ್ಟು ಇದ್ದರೆ ಮಾತ್ರ ಇದು ಸರಿ ಹೋಗುತ್ತದೆ. ಕಾಗದ, ಬೋರ್ಡು, ಚಪ್ಪಟೆ ಕಲ್ಲು ಆಗುತ್ತವೆ. ದುರ್ಗದ ಕೋಟೆಯ ದುಂಡು ಬತ್ತೇರಿ ಆಗುವುದಿಲ್ಲ. ವೀರಗಲ್ಲಿನಲ್ಲೂ ಬರಹದ ಪಟ್ಟಿ ನೇರ ಆಗುತ್ತದೆ, ಉಬ್ಬಿ ನಿಂತ ಕುದುರೆ, ಕತ್ತಿ ಸ್ವಲ್ಪ ವಾರೆಯಾಗೇ ಉಳಿಯುತ್ತವೆ. ಕ್ಯಾಮೆರಾದಿಂದ ದೂರ ಇದ್ದ ತುದಿ ಹಿಗ್ಗಿ ಮಸುಕಾಗುತ್ತದೆ. ಅಲ್ಲಿ ಇಲ್ಲದ ವಿವರವನ್ನು ಯಾವ ಕಮಾಂಡೂ ತಂದುಕೊಡುವುದಿಲ್ಲ.

ಬಿ.ಎಲ್. ರೈಸ್ 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಕಡೆ ಅಶೋಕನ ಶಾಸನ ಪತ್ತೆ ಮಾಡಿದ್ದು ನಿಮ್ಮ ಓದುಗರಿಗೆ ಗೊತ್ತೇ ಇದೆ. ಶಾಸನ ಓದುವವರು ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್‌ನಿಂದ ಬಡಿದು, ಮಸಿ ತಾಗಿಸಿ ಪಡಿಯಚ್ಚು ತೆಗೆಯುತ್ತಾರೆ. ಬರಹ ಎಷ್ಟು ದೊಡ್ಡದೋ ಅಚ್ಚೂ ಅಷ್ಟೇ ದೊಡ್ಡದು, ಅಲ್ಲಿ ಅಳತೆಯ ತಕರಾರೇ ಇಲ್ಲ. ಫೋಟೋಗೆ ಆ ಭಾಗ್ಯ ಇಲ್ಲ. ಅದಕ್ಕೇ ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲೋ ಟೇಪೋ ಇಟ್ಟುಬಿಟ್ಟರೆ ಆಮೇಲೆ ನನ್ನಂಥವನು ಊಹೆ ಮಾಡಬೇಕಾಗಿಲ್ಲ, ಅಲ್ವಾ?

ನಿಮ್ಮಲ್ಲಿ ಕೇಳುವುದು ಇಷ್ಟು. ಹಳೇ ನಕ್ಷೆ, ಶಾಸನ ಹಾಕುವಾಗ ನೇರ ಮಾಡಿ ಹಾಕಿ, ಹಾಗೆ ಮಾಡಿದ್ದೀರಿ ಅಂತ ಕೆಳಗೆ ಒಂದು ಸಾಲು ಬರೆಯಿರಿ, ಎತ್ತರ ಅಗಲ ಕೊಡಿ. ಮೂಲ ಫೋಟೋ ಅಳಿಸಬೇಡಿ. ಇದೇ ಇಮೇಜ್‌ಮ್ಯಾಜಿಕ್‌ನಲ್ಲಿ ಮೊಗ್ರಿಫೈ ಅಂತ ಒಂದು ಕಮಾಂಡಿದೆ, ಅದು ಮೂಲದ ಮೇಲೇ ಬರೆದುಬಿಡುತ್ತದೆ, ನಿಮ್ಮ ಕಂಪ್ಯೂಟರ್ ಹುಡುಗರಿಗೆ ಎಚ್ಚರ ಹೇಳಿ.

ಆ ವೀರಗಲ್ಲಿನ ಫೋಟೋ ಇದ್ದರೆ ನನಗೆ ಕಳಿಸಿ, ನೇರ ಮಾಡಿ ಕೊಡುತ್ತೇನೆ, ದುಡ್ಡು ಬೇಡ. ಆದರೆ ಕಲ್ಲು ಎಷ್ಟು ಅಡಿ ಎತ್ತರ, ಎಷ್ಟು ಅಗಲ ಅಂತ ತೆಗೆದವರನ್ನು ಕೇಳಿ ಬರೆದು ಕಳಿಸಿ. ಅಳತೆ ಇಲ್ಲದ ಫೋಟೋ ಇನ್ನು ನಾನು ಮುಟ್ಟುವುದಿಲ್ಲ.

ಇಂತಿ,
ಒಬ್ಬ ಡಿಟಿಪಿ ಅಂಗಡಿಯವನು, ದಾವಣಗೆರೆ